ದೀಪದ ಬಳಿ ನಿಲ್ಲುವವರು ಯಾರು?

ಬಯಲಾಟ ನೋಡಿ ಬೆಳಗಿನ ಜಾವ ಮನೆಗೆ ಮರಳುವವರು ದಾರಿಯುದ್ದಕ್ಕೂ ವೇಷಗಳ ಮಾತನಾಡುತ್ತಾರೆ. ಭಾಗವತರ ಕಂಠವನ್ನು ಹೊಗಳುತ್ತಾರೆ. ಅರ್ಥಗಾರಿಕೆಯಲ್ಲಿ ಯಾರು ಗೆದ್ದರು, ಯಾರು ಸೋತರು ಎಂದು ಚರ್ಚಿಸುತ್ತಾರೆ. ರಾತ್ರಿಯಿಡೀ ಇವೆಲ್ಲವನ್ನೂ ತೋರಿಸಿಕೊಟ್ಟ ದೀಪದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ದೀಪವು ಆರಿದಾಗಲೇ ಅದರ ನೆನಪು. ಆರುವುದಕ್ಕಿಂತಲೂ ದೊಡ್ಡ ಅನಾಹುತವೊಂದು ಅದರಿಂದ ಆಗಬಹುದೆಂಬ ಯೋಚನೆಯಂತೂ ನಮ್ಮಲ್ಲಿ ಬಹು ಮಂದಿಗೆ ಇಲ್ಲ. ನಮ್ಮ ಕಾಲೇಜಿನ ವಾರ್ಷಿಕೋತ್ಸವದ ರಂಗವೂ ಈಗ ಎಲ್.ಇ.ಡಿ. ದೀಪಗಳಿಂದ ಬೆಳಗುತ್ತಿರುವುದರಿಂದ, ಈ ವಿಷಯವಾಗಿ ನನ್ನ ಅಭಿಪ್ರಾಯವನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ನಾನು ಸುಬ್ರಹ್ಮಣ್ಯದ ಕಡೆಯವನು. ನನ್ನ ಅಜ್ಜ ಕಂಡದ್ದು ಗ್ಯಾಸ್‌ಲೈಟಿನ ಆಟ. ಅದಕ್ಕೂ ಹಿಂದಿನ ದೀಟಿಗೆಯ ಆಟವನ್ನು ಅವರು ತಮ್ಮ ಹಿರಿಯರ ಬಾಯಿಂದ ಕೇಳಿ ಬಲ್ಲರು. ದೀಟಿಗೆಯೆಂದರೆ ಬಟ್ಟೆ ಸುತ್ತಿ ಎಣ್ಣೆಯೆರೆದ ಪಂಜು. ಅದರ ಬಳಿ ರಾತ್ರಿಯಿಡೀ ಒಬ್ಬನು ಇರಲೇಬೇಕಾಗಿತ್ತು. ಎಣ್ಣೆ ಎರೆಯುವುದು, ಕರಿ ಕೊಡಹುವುದು, ವೇಷದ ಉಡುಪಿಗೆ ಕಿಡಿ ತಾಗದಂತೆ ನೋಡುವುದು ಅವನ ಕೆಲಸ. ಆಮೇಲೆ ಗ್ಯಾಸ್‌ಲೈಟು ಬಂತು. ಅದಕ್ಕೂ ಆಗಾಗ ಗಾಳಿ ಹಾಕಬೇಕು, ಮ್ಯಾಂಟಲ್ ಉದುರಿದರೆ ಬೇರೆ ಕಟ್ಟಬೇಕು. “ಭಾಗವತರಿಗೆ ನಿದ್ದೆ ಬಂದರೂ ಬಂದೀತು, ಗ್ಯಾಸ್‌ಲೈಟಿನವನಿಗೆ ಬರಬಾರದು ಮಗಾ” ಎಂದು ಅಜ್ಜ ನಗುತ್ತಾ ಹೇಳುತ್ತಿದ್ದರು. ಆ ಕಾಲದ ದೀಪವು ಅಪಾಯಕರವಾಗಿತ್ತು, ನಿಜ. ಆದರೆ ಅದರ ಬಳಿ ಒಬ್ಬ ಮನುಷ್ಯನಿದ್ದ.

ವಿದ್ಯುದ್ದೀಪವು ಬಂದ ಮೇಲೆ ಆ ಮನುಷ್ಯನು ಅಲ್ಲಿಂದ ಎದ್ದುಹೋದ. ಸ್ವಿಚ್ಚು ಒತ್ತಿದರೆ ಮುಗಿಯಿತು. ಮತ್ತೆ ಬೆಳಗಾದ ಮೇಲೆ ಆರಿಸಿದರೆ ಸಾಕು. ಎಲ್.ಇ.ಡಿ. ದೀಪವಂತೂ ನಮ್ಮನ್ನು ಇನ್ನಷ್ಟು ನಿಶ್ಚಿಂತರನ್ನಾಗಿ ಮಾಡಿದೆ. ಹಳೆಯ ಪಾರ್ ದೀಪವೊಂದಕ್ಕೆ 1,000 ವಾಟ್ ಬೇಕಾಗುತ್ತಿತ್ತು. ಅಂಥ ಹತ್ತು ದೀಪಗಳಿಗೆ 230 ವೋಲ್ಟಿನಲ್ಲಿ ಸುಮಾರು 43 ಆಂಪಿಯರ್ ವಿದ್ಯುತ್ತು ಹರಿಯುತ್ತಿತ್ತು. ಇಂದಿನ 180 ವಾಟಿನ ಹತ್ತು ಎಲ್.ಇ.ಡಿ. ದೀಪಗಳಿಗೆ 8 ಆಂಪಿಯರ್ ಸಾಕು. ಹಳೆಯದರ ಹತ್ತಿರ ಹೋದರೆ ಮುಖ ಸುಡುತ್ತಿತ್ತು. ಇದರ ಮುಂದೆ ಕೈಯಿಟ್ಟರೂ ಬಿಸಿ ತಟ್ಟುವುದಿಲ್ಲ. ಬಣ್ಣ ಬದಲಾಯಿಸಲು ಏಣಿ ಹತ್ತಿ ಹಾಳೆ ಸಿಕ್ಕಿಸಬೇಕಾಗಿಲ್ಲ. ಇವೆಲ್ಲವೂ ನಿಜವಾದ ಪ್ರಗತಿಯೇ. ಆದರೆ ‘ತಣ್ಣಗಿನ ದೀಪ, ಆದ್ದರಿಂದ ಅಪಾಯವಿಲ್ಲದ ದೀಪ’ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಈ ತೀರ್ಮಾನವು ತಪ್ಪೆಂಬುದೇ ನನ್ನ ವಾದ.

ಇಂಥ ತಪ್ಪನ್ನು ಲೋಕವು ಮೊದಲ ಸಲ ಮಾಡುತ್ತಿರುವುದಲ್ಲ. 1881ರ ಡಿಸೆಂಬರ್ 8ರಂದು ವಿಯೆನ್ನಾ ನಗರದ ರಿಂಗ್ ನಾಟಕಶಾಲೆಯು ಅನಿಲದೀಪದ ಬೆಂಕಿಗೆ ತುತ್ತಾಗಿ ನೂರಾರು ಜನರು ಸತ್ತರು. ಅದೇ ತಿಂಗಳು ಲಂಡನ್ನಿನ ಸವಾಯ್ ನಾಟಕಶಾಲೆಯಲ್ಲಿ ಮಾಲೀಕರಾದ ಡಾಯ್ಲಿ ಕಾರ್ಟ್ ಎಂಬವರು ಉರಿಯುತ್ತಿದ್ದ ವಿದ್ಯುದ್ದೀಪವೊಂದನ್ನು ರಂಗದ ಮೇಲೆಯೇ ಒಡೆದು, ಬೆಂಕಿ ಹತ್ತುವುದಿಲ್ಲವೆಂದು ಪ್ರೇಕ್ಷಕರಿಗೆ ತೋರಿಸಿದರು. ಜನರಿಗೆ ಸಮಾಧಾನವಾಯಿತು. ಆದರೆ 1903ರ ಡಿಸೆಂಬರ್ 30ರಂದು ಅಮೇರಿಕದ ಶಿಕಾಗೋ ನಗರದ ಇರೋಕ್ವಾಯ್ ನಾಟಕಶಾಲೆಯಲ್ಲಿ ವಿದ್ಯುತ್ತಿನ ಆರ್ಕ್ ದೀಪದ ಕಿಡಿಯೇ ಪರದೆಗೆ ತಾಗಿತು. ಆರು ನೂರಕ್ಕೂ ಹೆಚ್ಚು ಮಂದಿ ಮಡಿದರು. ‘ಬೆಂಕಿ ತಾಗದ ಕಟ್ಟಡ’ ಎಂದು ಅದನ್ನು ಜಾಹೀರು ಮಾಡಲಾಗಿತ್ತು!

ಅಷ್ಟು ದೂರ ಹೋಗುವುದೂ ಬೇಡ. 1989ರ ಫೆಬ್ರವರಿ 8ರಂದು ನಮ್ಮ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತಾದ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಎದ್ದು 62 ಮಂದಿ ಜೀವ ತೆತ್ತರು. ದೊಡ್ಡ ದೀಪಗಳ ಕಾವು, ಸಡಿಲವಾದ ವೈರಿಂಗ್, ಗೋಡೆಗೆ ಹೊದಿಸಿದ ಗೋಣಿತಟ್ಟು, ಗಾಳಿಯಾಡದ ಒಳಾಂಗಣ ಎಂಬ ಕಾರಣಗಳು ಅಂದು ವರದಿಯಾಗಿದ್ದುವು. ಎಲ್.ಇ.ಡಿ. ದೀಪವು ಈ ನಾಲ್ಕರಲ್ಲಿ ಒಂದನ್ನು, ಎಂದರೆ ಕಾವನ್ನು, ಬಹುಮಟ್ಟಿಗೆ ಕಡಿಮೆ ಮಾಡಿದೆ. ಉಳಿದ ಮೂರನ್ನು ಸರಿಪಡಿಸುವ ಶಕ್ತಿ ಯಾವ ದೀಪಕ್ಕೂ ಇಲ್ಲ.

ಇನ್ನು ನನ್ನ ಕಣ್ಣೆದುರಿಗೆ ನಡೆದ ಒಂದು ಸಂಗತಿಯನ್ನು ಹೇಳಬೇಕು. ಎರಡು ವರ್ಷಗಳ ಹಿಂದೆ ನಮ್ಮ ಆಸುಪಾಸಿನ ಊರೊಂದರಲ್ಲಿ ಚೌತಿಯ ಕಾರ್ಯಕ್ರಮ. ಬೆಳಗಿನಿಂದ ಮಳೆ ಬಂದು ಬಿಟ್ಟಿತ್ತು. ಮೈದಾನದ ಹುಲ್ಲು ಒದ್ದೆ. ಅಡಿಕೆಮರದ ಕಂಬಗಳ ಚಪ್ಪರ, ಮುಂದೆ ಕಬ್ಬಿಣದ ಚೌಕಟ್ಟು, ಅದರ ತುಂಬ ದೀಪಗಳು. ಚೌಕಟ್ಟನ್ನು ಮುಟ್ಟಿದ ನನ್ನ ಗೆಳೆಯನು, “ಅಣ್ಣಾ, ಜುಂ ಅಂತದೆ” ಎಂದ. ದೀಪದ ಕೆಲಸಕ್ಕೆ ಬಂದಿದ್ದವರು, “ಏನೂ ಆಗುದಿಲ್ಲ ಮಾರಾಯ, ಇದು ಎಲ್.ಇ.ಡಿ. ಅಲ್ವಾ” ಎಂದರು. ನಾವೆಲ್ಲರೂ ನಕ್ಕೆವು, ನಾನೂ ನಕ್ಕೆ. ರಾತ್ರಿ ಎಂಟರ ಹೊತ್ತಿಗೆ ಮತ್ತೊಂದು ಹನಿ ಮಳೆ ಬಿತ್ತು. ಓರೆಯಾದ ದೀಪವೊಂದನ್ನು ನೇರ ಮಾಡಲು ಅದೇ ಗೆಳೆಯನು ಬರಿಗಾಲಿನಲ್ಲಿ ಏಣಿ ಹತ್ತಿ ಚೌಕಟ್ಟನ್ನು ಹಿಡಿದ. ಮರುಕ್ಷಣದಲ್ಲಿ ಕೆಳಗೆ ಬಿದ್ದಿದ್ದ. ಕೈಮುರಿತದಲ್ಲಿ ಮುಗಿದದ್ದು ಅವನ ಪುಣ್ಯ, ನಮ್ಮೆಲ್ಲರ ಪುಣ್ಯ. ಆಮೇಲೆ ನೋಡಿದರೆ, ನೆಲದ ಮೇಲೆ ಹಾಯಿಸಿದ್ದ ವೈರಿನ ಜೋಡಣೆಗೆ ಟೇಪು ಮಾತ್ರ ಸುತ್ತಿತ್ತು. ಮೂರು ಪಿನ್ನಿನ ಪ್ಲಗ್ಗು ಎರಡು ತೂತಿನ ಬೋರ್ಡಿಗೆ ಹಿಡಿಯಲೆಂದು ಅದರ ಅರ್ತ್ ಪಿನ್ನನ್ನು ಯಾರೋ ಕಿತ್ತಿದ್ದರು.

ಆ ‘ಜುಂ’ ಎಂಬುದರ ಅರ್ಥವನ್ನು ಬಲ್ಲವರಿಂದ ನಾನು ಆಮೇಲೆ ಕೇಳಿ ತಿಳಿದೆ. ಎಲ್.ಇ.ಡಿ. ದೀಪದ ಹೊಟ್ಟೆಯಲ್ಲಿ ಮನೆಯ ವಿದ್ಯುತ್ತನ್ನು ದೀಪಕ್ಕೆ ತಕ್ಕಂತೆ ಪರಿವರ್ತಿಸುವ ಯಂತ್ರವೊಂದಿದೆ. ಅದರ ಸೋಸುವ ಭಾಗದಿಂದ ಅತ್ಯಲ್ಪ ವಿದ್ಯುತ್ತು ಯಾವಾಗಲೂ ಲೋಹದ ಮೈಗೆ ಸೋರುತ್ತಿರುತ್ತದೆ. ಅರ್ತ್ ತಂತಿ ಇದ್ದರೆ ಅದು ಸದ್ದಿಲ್ಲದೆ ಭೂಮಿಗೆ ಇಳಿದುಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಮುಟ್ಟಿದವನ ಮೈಯೇ ದಾರಿಯಾಗುತ್ತದೆ. ಆ ಜುಮ್ಮೆನ್ನುವಿಕೆಯು ತಾನಾಗಿ ಕೊಲ್ಲುವುದು ವಿರಳ. ಆದರೆ ‘ಇಲ್ಲಿ ಅರ್ತ್ ಇಲ್ಲ’ ಎಂದು ದೀಪವೇ ಕೂಗಿ ಹೇಳುವ ಮಾತು ಅದು. ಬಳಿಕ ವೈರು ಹರಿದು ನಿಜವಾದ ವಿದ್ಯುತ್ತು ಮೈಗೆ ಬಂದಾಗ ತಡೆಯುವವರು ಯಾರೂ ಇರುವುದಿಲ್ಲ. ನಾವು ನಕ್ಕದ್ದು ಆ ಎಚ್ಚರಿಕೆಯನ್ನು ಕೇಳಿ!

ಇದರಿಂದ ಇನ್ನೊಂದು ಕೆಟ್ಟ ಅಭ್ಯಾಸವೂ ಹುಟ್ಟಿಕೊಂಡಿದೆ. ಆರ್.ಸಿ.ಸಿ.ಬಿ. ಎಂಬ ರಕ್ಷಣೆಯ ಸ್ವಿಚ್ಚೊಂದಿದೆ, ಊರಿನಲ್ಲಿ ಇ.ಎಲ್.ಸಿ.ಬಿ. ಎಂದೇ ರೂಢಿ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಸಾಕು, ಅದು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಮನುಷ್ಯನ ಹೃದಯವನ್ನು ಉಳಿಸಲೆಂದೇ ಆ ಅಳತೆ. ಹತ್ತಿಪ್ಪತ್ತು ಎಲ್.ಇ.ಡಿ. ದೀಪಗಳನ್ನು ಒಂದೇ ಸ್ವಿಚ್ಚಿಗೆ ಕೊಟ್ಟರೆ ಅವುಗಳ ಸಣ್ಣ ಸಣ್ಣ ಸೋರಿಕೆಗಳೆಲ್ಲ ಕೂಡಿ ಅದು ಆಗಾಗ ಬೀಳುತ್ತದೆ. ಆಗ ಮಾಡಬೇಕಾದದ್ದು ದೀಪಗಳನ್ನು ಎರಡು ಮೂರು ಸ್ವಿಚ್ಚುಗಳಿಗೆ ಹಂಚುವುದು. ಮಾಡುವುದೇನು? “ಇದು ಸುಮ್ಮನೆ ಬೀಳ್ತದೆ” ಎಂದು ಅದನ್ನೇ ತಪ್ಪಿಸಿ ನೇರವಾಗಿ ವೈರು ಕೊಡುವುದು! ಬೊಗಳುವ ನಾಯಿಯನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದಂತಲ್ಲವೇ ಇದು? ಜನರೇಟರಿನಿಂದ ದೀಪ ಉರಿಸುವಾಗಲೂ ಅಷ್ಟೆ. ಅದರ ನ್ಯೂಟ್ರಲಿಗೂ ಮೈಗೂ ಭೂಮಿಗೂ ಸರಿಯಾದ ಸಂಬಂಧ ಕಲ್ಪಿಸದಿದ್ದರೆ ಆ ಸ್ವಿಚ್ಚು ಇದ್ದೂ ಇಲ್ಲದಂತೆ.

ನೇತುಹಾಕುವ ವಿಷಯಕ್ಕೆ ಬರೋಣ. ತಲೆ ತಿರುಗಿಸುವ ಮೂವಿಂಗ್ ಹೆಡ್ ದೀಪಗಳು ಇಪ್ಪತ್ತು ಕಿಲೋದಷ್ಟು ತೂಗುವುದುಂಟು. ಅವು ಸುಮ್ಮನೆ ತೂಗಿಕೊಂಡಿರುವ ವಸ್ತುಗಳಲ್ಲ. ಒಮ್ಮೆಗೇ ತಿರುಗಿ ಒಮ್ಮೆಗೇ ನಿಲ್ಲುವುದರಿಂದ ಪ್ರತಿ ಸಲವೂ ಕಂಬವನ್ನು ಎಳೆದಾಡುತ್ತವೆ. ಬೋಲ್ಟು ಸಡಿಲಾಗುವುದು ಹೀಗೆಯೇ. ಒದ್ದೆಯಾದ ಅಡಿಕೆಕಂಬಕ್ಕೆ ಹಗ್ಗದಲ್ಲಿ ಅಂಥ ದೀಪವನ್ನು ಬಿಗಿದು, ಅದರ ಕೆಳಗೆ ಮಕ್ಕಳನ್ನು ಕುಣಿಸುವುದು ಸಾಹಸವಲ್ಲ, ಅವಿವೇಕ. ಪ್ರತಿಯೊಂದು ದೀಪಕ್ಕೂ ಕ್ಲಾಂಪಿನ ಜೊತೆಗೆ ಬೇರೆಯೇ ಆದ ಉಕ್ಕಿನ ರಕ್ಷಣಾ ತಂತಿಯೊಂದು ಇರಬೇಕು, ಅದು ಗಿಡ್ಡವಾಗಿರಬೇಕು. ಕ್ಲಾಂಪು ಕೈಬಿಟ್ಟರೂ ದೀಪವು ಗೇಣುದ್ದಕ್ಕಿಂತ ಹೆಚ್ಚು ಬೀಳಬಾರದು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಕುಮಾರಪರ್ವತದ ಬುಡದಲ್ಲಿರುವ ನಮ್ಮೂರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಚೌತಿಯು ಮಳೆಯಲ್ಲಿ ಬರುತ್ತದೆ. ಚಂಪಾಷಷ್ಠಿಯ ಹೊತ್ತಿಗೆ ಮಳೆ ನಿಂತರೂ ಇರುಳಿನ ಮಂಜಿಗೆ ಗದ್ದೆಯ ನೆಲ ಒದ್ದೆಯಾಗುತ್ತದೆ. ಪತ್ತನಾಜೆಯ ಮೊದಲಿನ ಆಟಗಳಿಗೆ ಗುಡುಗು ಸಿಡಿಲಿನ ಕಾಟ. ಹೀಗಿರುವಾಗ ಒಳಾಂಗಣಕ್ಕೆಂದು ಮಾಡಿದ ದೀಪವನ್ನು ಬಯಲಿನಲ್ಲಿ ಕಟ್ಟಿ ಮೇಲೊಂದು ಪ್ಲಾಸ್ಟಿಕ್ ತೊಟ್ಟೆ ಸುತ್ತಿದರೆ ಮಳೆಯೂ ನಿಲ್ಲುವುದಿಲ್ಲ, ದೀಪದ ಹಿಂಭಾಗದ ಕಾವಿಗೆ ಹೊರದಾರಿಯೂ ಇರುವುದಿಲ್ಲ. ಮುಂಭಾಗ ತಣ್ಣಗಿದ್ದರೂ ಎಲ್.ಇ.ಡಿ.ಯ ಬೆನ್ನು ಬಿಸಿಯಾಗುತ್ತದೆಂಬುದನ್ನು ಮರೆಯಬಾರದು. ಬಯಲಿಗೆ ಐ.ಪಿ. 65 ಎಂಬ ಗುರುತುಳ್ಳ ದೀಪವೇ ಯೋಗ್ಯ. ಸಿಡಿಲು ಹತ್ತಿರವಾದರೆ ಆಟ ನಿಲ್ಲಿಸಿ, ಮೈನ್ ಆರಿಸಿ, ಜನರನ್ನು ಕಬ್ಬಿಣದ ಚೌಕಟ್ಟಿನಿಂದ ದೂರ ಕಳುಹಿಸಿ ಗಟ್ಟಿಯಾದ ಕಟ್ಟಡದೊಳಗೆ ಸೇರಿಸಬೇಕು.

ಮಿಣುಕುವ ದೀಪದ ಕುರಿತು ಒಂದೇ ಮಾತು. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಅಪಸ್ಮಾರವುಳ್ಳ ಕೆಲವರಲ್ಲಿ ಸೆಳವನ್ನು ತರಬಲ್ಲುದು. ನಮ್ಮ ಸಭೆಯಲ್ಲಿ ಅಂಥವರು ಇದ್ದಾರೋ ಇಲ್ಲವೋ ನಮಗೆ ತಿಳಿಯದು. ಮೊದಲೇ ಮೈಕಿನಲ್ಲಿ ತಿಳಿಸುವುದಕ್ಕೆ ಖರ್ಚೇನೂ ಇಲ್ಲ.

“ಒಂದು ರಾತ್ರಿಯ ಕಾರ್ಯಕ್ರಮಕ್ಕೆ ಇಷ್ಟೆಲ್ಲ ರಗಳೆ ಯಾಕೆ? ಹಣ ಎಲ್ಲಿದೆ?” ಎಂದು ಕೇಳುವವರಿದ್ದಾರೆ. ಅವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಸರಕಾರಿ ಕಾಲೇಜಿನ ಯೂನಿಯನ್ ನಿಧಿ ಎಷ್ಟೆಂಬುದು ನಮಗೆಲ್ಲರಿಗೂ ಗೊತ್ತು. ದೀಪದ ಕೆಲಸ ಮಾಡುವ ತರುಣರೂ ನಮ್ಮಂಥವರೇ. ಸಂಜೆ ಐದಕ್ಕೆ ಸಾಮಾನು ಇಳಿಸಿ ಆರೂವರೆಗೆ ದೀಪ ಉರಿಸೆಂದು ಅವರನ್ನು ಅವಸರಪಡಿಸುವವರು ನಾವು. ಅವಸರದಲ್ಲಿ ಅರ್ತ್ ಪಿನ್ನು ಮುರಿದರೆ ತಪ್ಪು ಅವರೊಬ್ಬರದೇ ಎನ್ನುವುದು ನ್ಯಾಯವೇ? ಹತ್ತು ದೀಪಗಳ ಬದಲು ಎಂಟೇ ದೀಪಗಳನ್ನು ಬಾಡಿಗೆಗೆ ತಂದು, ಉಳಿದ ಹಣವನ್ನು ಒಳ್ಳೆಯ ವೈರಿಗೂ ರಕ್ಷಣೆಯ ಸ್ವಿಚ್ಚಿಗೂ ಕೊಟ್ಟರೆ ನಾಟಕದ ರಸಕ್ಕೆ ಯಾವ ಕೊರತೆಯೂ ಆಗದು. ದೀಟಿಗೆಯ ಬೆಳಕಿನಲ್ಲಿಯೂ ನಮ್ಮ ಹಿರಿಯರು ರಾವಣನನ್ನು ಕಂಡು ಹೆದರಲಿಲ್ಲವೇ?

ಆದ್ದರಿಂದ ನನ್ನ ಸೂಚನೆ ಇಷ್ಟು. ನಮ್ಮ ಕಾಲೇಜಿನ ಪ್ರತಿಯೊಂದು ಕಾರ್ಯಕ್ರಮಕ್ಕೂ ಸ್ವಾಗತ ಸಮಿತಿ, ಊಟೋಪಚಾರ ಸಮಿತಿಗಳಿರುವಂತೆ, ದೀಪಕ್ಕೆಂದೇ ಒಬ್ಬ ಅಧ್ಯಾಪಕರನ್ನೂ ಇಬ್ಬರು ವಿದ್ಯಾರ್ಥಿಗಳನ್ನೂ ಹೆಸರು ಹೇಳಿ ನೇಮಿಸಬೇಕು. ಮೈನ್ ಜೋಡಣೆಯನ್ನು ಪರವಾನಗಿಯುಳ್ಳವರೇ ಮಾಡಲಿ; ಅದು ವಿದ್ಯಾರ್ಥಿಗಳ ಕೆಲಸವಲ್ಲ. ಆದರೆ ಸಭೆ ಸೇರುವ ಒಂದು ಗಂಟೆ ಮೊದಲು ಈ ಮೂವರು ರಂಗವನ್ನು ಸುತ್ತಿ ನೋಡಲಿ: ಪ್ಲಗ್ಗುಗಳಿಗೆ ಮೂರು ಪಿನ್ನುಗಳಿವೆಯೇ, ಜೋಡಣೆಗಳು ನೆಲ ಬಿಟ್ಟು ಮೇಲಿವೆಯೇ, ರಕ್ಷಣೆಯ ಸ್ವಿಚ್ಚಿನ ಪರೀಕ್ಷೆಯ ಗುಂಡಿ ಒತ್ತಿದರೆ ಅದು ಬೀಳುತ್ತದೆಯೇ, ಪ್ರತಿ ದೀಪಕ್ಕೂ ರಕ್ಷಣಾ ತಂತಿ ಇದೆಯೇ, ಹೊರಹೋಗುವ ದಾರಿಗೆ ಕುರ್ಚಿ ಅಡ್ಡ ಇಟ್ಟಿಲ್ಲವಷ್ಟೆ. ಗುಂಡಿ ಒತ್ತಿದಾಗ ಸ್ವಿಚ್ಚು ಬಿದ್ದರೆ ಸ್ವಿಚ್ಚು ಸರಿಯಿದೆಯೆಂದಷ್ಟೇ ಅರ್ಥ, ಅರ್ತ್ ಸರಿಯಿದೆಯೆಂದಲ್ಲ. ಅರ್ತನ್ನು ಬಲ್ಲವರಿಂದ ಬೇರೆಯೇ ಅಳೆಸಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಯಾರಾದರೂ ‘ಜುಂ’ ಎಂದರೆ ಕೂಡಲೇ ಮೈನ್ ಆರಿಸುವ ಅಧಿಕಾರ ಈ ಮೂವರಿಗೆ ಇರಬೇಕು. ಮುಖ್ಯ ಅತಿಥಿಗಳು ಭಾಷಣ ಮಾಡುತ್ತಿದ್ದರೂ ಸರಿಯೇ.

ನನ್ನ ಗೆಳೆಯನ ಕೈ ಕೂಡಿದೆ. ಆದರೆ ಮೊದಲಿನಂತೆ ಮೇಲಕ್ಕೆತ್ತಲು ಬರುವುದಿಲ್ಲ. ಅವನು ಚೆಂಡೆ ಕಲಿಯುತ್ತಿದ್ದ. ಈಗ ಆಟಕ್ಕೆ ಬಂದರೆ ಅವನು ರಂಗಸ್ಥಳಕ್ಕಿಂತ ಮೊದಲು ವೈರುಗಳನ್ನು ನೋಡುತ್ತಾನೆ. ಅವನು ಹಾಗೆ ನೋಡುವಾಗಲೆಲ್ಲ ನನಗೆ ಅಂದು ನಕ್ಕದ್ದು ನೆನಪಾಗುತ್ತದೆ. ಬರುವ ವಾರ್ಷಿಕೋತ್ಸವದಲ್ಲಿ ದೀಪದ ಬಳಿ ನಿಲ್ಲುವವರು ಯಾರೆಂದು ಕೇಳಿದರೆ, ಮೊದಲಿಗನಾಗಿ ನನ್ನ ಹೆಸರನ್ನು ಕೊಡಲು ಸಿದ್ಧನಿದ್ದೇನೆ. ಇನ್ನೊಬ್ಬರು ಬೇಕು.