ಕುರಿ, ಕಂಬಳಿ ಬೇಡವೆನ್ನುವವರಿಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ರೈತರು ಹೊಗೆಸೊಪ್ಪಿನ ಜೊತೆಗೆ ಹತ್ತಿಪ್ಪತ್ತು ಕುರಿಗಳನ್ನೂ ಕಟ್ಟಿಕೊಳ್ಳಬೇಕು, ಕತ್ತರಿಸಿದ ಉಣ್ಣೆಯನ್ನು ಬೇಲಿಗೆ ಎಸೆಯದೆ ಕಂಬಳಿ ಮಾಡಿಸಿ ಹೊದೆಯಬೇಕು ಎಂಬುದು ನನ್ನ ವಾದ. ಇದಕ್ಕೆ ಎದುರಾಗಿ ಕೇಳಿಬರುವ ಮಾತುಗಳಲ್ಲಿ ಕೆಲವು ತೂಕದವು, ಕೆಲವು ಬರೀ ತಿರಸ್ಕಾರದವು. ಎರಡಕ್ಕೂ ಉತ್ತರ ಹೇಳಲೇಬೇಕು.

‘ಹೊಗೆಸೊಪ್ಪು ಕೊಡೋ ದುಡ್ಡನ್ನ ಕುರಿ ಕೊಡುತ್ತಾ?’ ಎಂಬುದು ಮೊದಲ ಪ್ರಶ್ನೆ. ಬೆಲೆ ಕುದುರಿದ ವರ್ಷ ಎಕರೆ ಲೆಕ್ಕ ಹಾಕಿದರೆ ಹೊಗೆಸೊಪ್ಪೇ ಮುಂದೆ, ಒಪ್ಪುತ್ತೇನೆ. ಆದರೆ ಆ ದುಡ್ಡು ಕೈಗೆ ಬರುವುದು ವರ್ಷಕ್ಕೊಂದೇ ಹಂಗಾಮಿನಲ್ಲಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗೆ ಬೇಲು ಹೊತ್ತು ಹೋದವನು ಅವತ್ತು ಕೂಗಿದ ಬೆಲೆಗೆ ಕೊಟ್ಟು ಬರಬೇಕು. ಅಲ್ಲಿಯವರೆಗೆ ಗೊಬ್ಬರಕ್ಕೆ, ಸೌದೆಗೆ, ಕೂಲಿಗೆ ಸಾಲ. ಕುರಿಯ ಲೆಕ್ಕ ಬೇರೆ. ಗಬ್ಬ ನಿಂತ ಐದು ತಿಂಗಳಿಗೆ ಮರಿ ಹಾಕುತ್ತದೆ. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷಕ್ಕೆ ಮೂರು ಸೂಲು ತೆಗೆಯಬಹುದು. ಮಗಳ ಫೀಸು ಕಟ್ಟಬೇಕಾದ ವಾರವೇ ಒಂದು ಟಗರು ಮಾರಬಹುದು, ಬಡ್ಡಿಯವರ ಮನೆ ಬಾಗಿಲಿಗೆ ಹೋಗಬೇಕಾಗಿಲ್ಲ. ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ. ತಂಬಾಕು ಬೆಳೆಗಾರರಿಗೆ ಬೇರೆ ಜೀವನೋಪಾಯ ತೋರಿಸಬೇಕೆಂದು ಆ ಒಪ್ಪಂದವೇ ಹೇಳುತ್ತದೆ. ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿದ ಮೇಲೂ ಒಂದೇ ಬೆಳೆಗೆ ಜೋತುಬೀಳುವುದು ರೈತನಿಗೆ ಕ್ಷೇಮವಲ್ಲ.

ಗೊಬ್ಬರದ ಲಾಭವನ್ನಂತೂ ಈ ಪ್ರಶ್ನೆ ಕೇಳುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧದಷ್ಟಿದ್ದರೆ ಕುರಿ ಗೊಬ್ಬರದಲ್ಲಿ ಸುಮಾರು 3ರಷ್ಟು. ಪೊಟ್ಯಾಷ್ ಸುಮಾರು 2ರಷ್ಟು. ರಾಗಿ ಬಿತ್ತುವ ಮೊದಲು ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳಲು ನಮ್ಮ ಹಿರಿಯರು ಮಂದೆಯವರಿಗೆ ದವಸ ಕೊಡುತ್ತಿದ್ದರು. ಹಿಕ್ಕೆಯ ಜೊತೆಗೆ ಗಂಜಲವೂ ನೇರವಾಗಿ ಮಣ್ಣಿಗೇ ಇಳಿಯುತ್ತಿತ್ತು, ಸಾಗಿಸುವ ಖರ್ಚಿರಲಿಲ್ಲ. ವರ್ಷ ವರ್ಷವೂ ರಾಸಾಯನಿಕ ಗೊಬ್ಬರ ಸುರಿಸಿಕೊಂಡು ಬಡವಾಗಿರುವ ನಮ್ಮ ಕೆಂಪು ಮಣ್ಣಿಗೆ ಈಗ ಬೇಕಾಗಿರುವುದು ಅದೇ.

‘ಮೇಯಿಸೋಕೆ ಜಾಗ ಎಲ್ಲಿದೆ? ಕುರಿ ನುಗ್ಗಿದ ನೆಲ ಬೋಳಾಗುತ್ತೆ’ ಎನ್ನುವವರ ಮಾತಿನಲ್ಲಿ ನಿಜವಿದೆ. ಗೋಮಾಳಗಳು ಒತ್ತುವರಿಯಾಗಿವೆ. ನಾಗರಹೊಳೆ, ಬಂಡೀಪುರದ ಅಂಚಿನ ಊರುಗಳಲ್ಲಿ ಕಾಡಿಗೆ ಕುರಿ ಅಟ್ಟುವುದು ಕಾನೂನಿಗೂ ವಿರುದ್ಧ, ಕುರಿಗೂ ಅಪಾಯ. ಎಚ್.ಡಿ. ಕೋಟೆಯವರಿಗೆ ಹುಲಿ, ಚಿರತೆಯ ಕಾಟವನ್ನು ನಾನು ವಿವರಿಸಬೇಕಾಗಿಲ್ಲ. ಅದಕ್ಕೇ ನೂರಿನ್ನೂರು ಕುರಿಯ ಮಂದೆ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಹತ್ತಿಪ್ಪತ್ತು ಕುರಿಗೆ ಹುರುಳಿ ಹೊಟ್ಟು, ಅವರೆ ಹೊಟ್ಟು, ಮುಸುಕಿನ ಜೋಳದ ದಂಟು, ಬದುವಿನ ಅಗಸೆ ಸೊಪ್ಪು ಸಾಕು. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತ ಕೊಯ್ದ ಗದ್ದೆಯ ಕೂಳೆ ಇದೆ. ಮೇವು ಬೆಳೆಯದೆ ಕುರಿ ಹೆಚ್ಚಿಸಿದವನು ನೆಲ ಕೆಡಿಸುತ್ತಾನೆ. ಆ ತಪ್ಪನ್ನು ಕುರಿಯ ತಲೆಗೆ ಕಟ್ಟಬಾರದು.

ರೋಗದ ಭಯ ಹೇಳುವವರಿಗೆ ಉತ್ತರ ಚಿಕ್ಕದು. ಪಿಪಿಆರ್‌ಗೆ, ಕರುಳುಬೇನೆಗೆ, ನೀಲಿ ನಾಲಿಗೆಗೆ ಲಸಿಕೆಗಳಿವೆ. ಹೊತ್ತಿಗೆ ಸರಿಯಾಗಿ ಹಾಕಿಸಬೇಕು, ಅಷ್ಟೆ.

ಈಗ ಕಂಬಳಿಯ ವಿಚಾರ. ‘ಚುಚ್ಚುತ್ತೆ, ಭಾರ, ವಾಸನೆ. ಸಂತೇಲಿ ಕಡಿಮೆ ದುಡ್ಡಿಗೆ ಮೆತ್ತನೆ ಬ್ಲಾಂಕೆಟ್ ಸಿಗುತ್ತೆ’ ಎನ್ನುತ್ತಾರೆ. ಚುಚ್ಚುವುದು ನಿಜ, ನಮ್ಮ ನಾಡಕುರಿಯ ಉಣ್ಣೆ ಒರಟು. ಅದಕ್ಕೇ ಕಂಬಳಿಯನ್ನು ಯಾರೂ ಬರಿಮೈಗೆ ಉಡುತ್ತಿರಲಿಲ್ಲ, ಬಟ್ಟೆಯ ಮೇಲೆ ಹೊದೆಯುತ್ತಿದ್ದರು, ಕೆಳಗೆ ಹಾಸುತ್ತಿದ್ದರು, ಮಳೆಯಲ್ಲಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಿದ್ದರು. ಕೊಡಗಿನ ಕಡೆಯಿಂದ ಪಿರಿಯಾಪಟ್ಟಣಕ್ಕೆ ಮಳೆ ನುಗ್ಗುವ ಆಷಾಢದಲ್ಲಿ ಆ ಕೊಪ್ಪೆಯೊಳಗೆ ನಿಂತು ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು. ಉಣ್ಣೆ ತನ್ನ ತೂಕದ ನೂರಕ್ಕೆ 30ರಷ್ಟು ತೇವಾಂಶವನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹಾಗೆ ಹೀರುವಾಗ ಒಂದಿಷ್ಟು ಶಾಖವನ್ನೂ ಹೊರಬಿಡುತ್ತದೆ. ಪಾಲಿಯೆಸ್ಟರ್, ಅಕ್ರಿಲಿಕ್ ನೂಲಿಗೆ ಈ ಗುಣವಿಲ್ಲ. ಬೆವರು ಒಳಗೇ ನಿಂತು ಮೈ ತಣ್ಣಗಾಗುತ್ತದೆ.

ಬ್ಯಾರನ್ ಇಟ್ಟುಕೊಂಡವರು ಬೆಂಕಿಯ ವಿಚಾರವನ್ನೂ ಯೋಚಿಸಬೇಕು. ಸೊಪ್ಪು ಬೇಯಿಸುವಾಗ ದಿನಗಟ್ಟಲೆ ಹಗಲು ರಾತ್ರಿ ಒಲೆ ಉರಿಯುತ್ತಿರಬೇಕು, ಪಕ್ಕದಲ್ಲೇ ಒಬ್ಬರು ಮಲಗಿರಬೇಕು. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅಕ್ರಿಲಿಕ್ ಬೇಗ ಹೊತ್ತಿಕೊಂಡು ಉರಿಯುತ್ತದೆ. ಉಣ್ಣೆ ಹೊತ್ತಿಕೊಳ್ಳಲು ಸುಮಾರು 570 ಡಿಗ್ರಿ ಬೇಕು. ಕಿಡಿ ಬಿದ್ದರೂ ಕರಿದಾಗಿ ತಾನೇ ಆರುತ್ತದೆ, ಕರಗುವುದಿಲ್ಲ. ಒಲೆಯ ಮುಂದೆ ರಾತ್ರಿ ಕಳೆಯುವವನಿಗೆ ಮೆತ್ತನೆಯ ಬ್ಲಾಂಕೆಟ್ ಕೊಡುವುದೆಂದರೆ ಅವನನ್ನು ಅಪಾಯಕ್ಕೆ ಒಡ್ಡಿದಂತೆ. ಆ ಬ್ಲಾಂಕೆಟ್ಟನ್ನು ಲಕ್ಷ್ಮಣತೀರ್ಥದಲ್ಲೋ ಕಬಿನಿಯಲ್ಲೋ ಒಗೆದಾಗ ಉದುರುವ ಪ್ಲಾಸ್ಟಿಕ್ ಎಳೆ ನೀರಿನಲ್ಲೇ ಉಳಿಯುತ್ತದೆ. ಹಳೆಯ ಕಂಬಳಿ ತಿಪ್ಪೆಗೆ ಬಿದ್ದರೆ ಗೊಬ್ಬರವಾಗುತ್ತದೆ. ಉಣ್ಣೆಯ ತೂಕದಲ್ಲಿ ನೂರಕ್ಕೆ 16ರಷ್ಟು ಸಾರಜನಕವೇ ಇದೆ.

‘ಉಣ್ಣೆಗೆ ಬೆಲೆಯೇ ಇಲ್ಲ, ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ.’ ನನಗೆ ಅತ್ಯಂತ ನೋವು ಕೊಡುವ ಮಾತು ಇದು, ಏಕೆಂದರೆ ಇವತ್ತಿನ ಸ್ಥಿತಿಯಲ್ಲಿ ಇದು ನಿಜ. ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ ಹೆಸರು ಪಡೆದ, ನಮ್ಮ ಕಡೆ ಎಲ್ಲರೂ ಬಯಸುವ ತಳಿ ಮಾಂಸಕ್ಕೆ ಹೆಸರಾದದ್ದು. ಅದರ ಮೈಮೇಲೆ ಉಣ್ಣೆಗಿಂತ ಒರಟು ಕೂದಲೇ ಹೆಚ್ಚು. ಕಂಬಳಿಗೆ ಡೆಕ್ಕನಿ, ಬಳ್ಳಾರಿ ಕುರಿಗಳ ಉಣ್ಣೆ ಮೇಲು. ಅದೂ ವರ್ಷಕ್ಕೆ ಒಂದು ಕುರಿಗೆ ಒಂದು ಕಿಲೋ ತುಂಬುವುದಿಲ್ಲ. ಒಬ್ಬ ರೈತನ ಒಂದು ಮೂಟೆ ಉಣ್ಣೆಗೆ ಯಾವ ವ್ಯಾಪಾರಿಯೂ ಊರಿಗೆ ಬರುವುದಿಲ್ಲ. ಐವತ್ತು ಮನೆಯ ಉಣ್ಣೆ ಒಂದೆಡೆ ಸೇರಿ, ಕರಿದು ಬಿಳಿದು ಬೇರೆಯಾದರೆ ಚಳ್ಳಕೆರೆಯ ಕಡೆಯ ನೇಕಾರರಿಗೆ ಅದು ಸರಕು. ರಾಟೆಯಲ್ಲಿ ನೂತು, ಹುಣಸೆ ಬೀಜದ ಗಂಜಿ ಹಚ್ಚಿ ಹಾಸು ಹೂಡುವ ಕೈಗಳು ಇನ್ನೂ ಈ ರಾಜ್ಯದಲ್ಲಿವೆ. ಹುಣಸೂರಿಗೆ ಇದು ಹೊಸ ಮಾತೂ ಅಲ್ಲ. 19ನೇ ಶತಮಾನದಲ್ಲಿ ಅಲ್ಲಿ ಸರ್ಕಾರವೇ ಚರ್ಮ ಹದ ಮಾಡುವ ಕಾರ್ಖಾನೆಯ ಜೊತೆಗೆ ಕಂಬಳಿ ಕಾರ್ಖಾನೆಯನ್ನೂ ನಡೆಸುತ್ತಿತ್ತು. ಅಂಥ ಊರಿನ ಸುತ್ತ ಇಂದು ಉಣ್ಣೆ ಬೇಲಿ ಸೇರುತ್ತಿದ್ದರೆ ತಪ್ಪು ಉಣ್ಣೆಯದಲ್ಲ, ಅದನ್ನು ಒಟ್ಟು ಮಾಡಲು ಯಾರೂ ಮುಂದೆ ಬರದಿರುವುದು.

ಉಣ್ಣೆ ತೆಗೆಯುವುದು ಹಿಂಸೆ ಎನ್ನುವ ಪಟ್ಟಣದ ಗೆಳೆಯರೂ ಇದ್ದಾರೆ. ಅವರು ಓದಿರುವುದು ಆಸ್ಟ್ರೇಲಿಯಾದಲ್ಲಿ ಮೆರಿನೊ ಕುರಿಯ ಹಿಂಭಾಗದ ಚರ್ಮವನ್ನೇ ಕತ್ತರಿಸುವ ಪದ್ಧತಿಯ ಬಗ್ಗೆ. ನಮ್ಮ ಕುರಿಗೆ ಅಂಥ ಸುಕ್ಕುಚರ್ಮವಿಲ್ಲ, ಅಂಥ ಪದ್ಧತಿಯೂ ಇಲ್ಲ. ಬೇಸಿಗೆಗೆ ಮೊದಲು ಉಣ್ಣೆ ತೆಗೆಯದಿದ್ದರೆ ಉಣ್ಣೆ ತಳಿಯ ಕುರಿಗೆ ಸೆಕೆ, ಹೇನು, ಉಣ್ಣಿಯ ಕಾಟ.

ಕೊನೆಯದು, ಬಾಯಿಬಿಟ್ಟು ಆಡದೆ ಮುಖದಲ್ಲಿ ತೋರಿಸುವ ಮಾತು: ಓದಿದ ಹುಡುಗ ಕುರಿ ಕಾಯಬೇಕೆ? ಇದು ವಾದವಲ್ಲ, ಜಾತಿಯ ಅಹಂಕಾರ. ಕಂಬಳಿಯ ಗದ್ದುಗೆ ಹಾಸದೆ ಹಾಲುಮತದವರ ಮನೆಯಲ್ಲಿ ಶುಭಕಾರ್ಯ ನಡೆಯುವುದಿಲ್ಲ. ಮೈಲಾರಲಿಂಗನ ಗೊರವರು ಕರಿಕಂಬಳಿ ತೊಟ್ಟೇ ಕುಣಿಯುತ್ತಾರೆ. ಕನಕದಾಸರನ್ನು ಕಂಬಳಿಯಿಲ್ಲದೆ ಚಿತ್ರಿಸಿದವರುಂಟೆ? ಆ ಚಿತ್ರಕ್ಕೆ ಹಾರ ಹಾಕಿ, ಕುರಿ ಕಾಯುವವನನ್ನು ಹೀಯಾಳಿಸುವುದು ಅನ್ಯಾಯ.

ನಾಲ್ಕು ತಾಲ್ಲೂಕಿನ ಕುರಿಗಾರರ ಸಹಕಾರ ಸಂಘಗಳಿಗೂ, ಹೆಸರಿನಲ್ಲೇ ಉಣ್ಣೆಯನ್ನು ಇಟ್ಟುಕೊಂಡಿರುವ ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮಕ್ಕೂ ನನ್ನದೊಂದು ಕೋರಿಕೆ: ಮುಂದಿನ ಸಲ ಉಣ್ಣೆ ಕತ್ತರಿಸುವ ಹೊತ್ತಿಗೆ ತಾಲ್ಲೂಕಿಗೊಂದು ಉಣ್ಣೆ ಸಂಗ್ರಹ ಕೇಂದ್ರ ತೆರೆಯಿರಿ. ಓದುಗರಲ್ಲಿ ಇನ್ನೊಂದು: ಈ ಮಾಗಿಗೆ ಬ್ಲಾಂಕೆಟ್ ಕೊಳ್ಳುವ ಮೊದಲು ನೇಕಾರರಿಂದಲೇ ಒಂದು ಕರಿಕಂಬಳಿ ಕೊಂಡು ನೋಡಿ.