ಮನೆ ತೆರಿಗೆ ರಸೀದಿಯಲ್ಲಿ ನಮ್ಮ ಮಕ್ಕಳ ಪುಸ್ತಕದ ದುಡ್ಡೂ ಇದೆ

ಕಾಸರಗೋಡಿನಲ್ಲಾಗಲಿ ಹೊಸೂರಿನಲ್ಲಾಗಲಿ, ಮನೆ ತೆರಿಗೆ ಕಟ್ಟುವಾಗ ಅದರ ಜೊತೆಗೇ ನಾವು ಗ್ರಂಥಾಲಯ ಸೆಸ್ಸನ್ನೂ ಕಟ್ತೀವಿ. ಕೇರಳದಲ್ಲಿ ತೆರಿಗೆಯ ಪ್ರತಿ ರೂಪಾಯಿಗೆ 5 ಪೈಸೆ, ತಮಿಳುನಾಡಿನಲ್ಲಿ 10 ಪೈಸೆ. ಆಂಧ್ರದಲ್ಲೂ ಸೆಸ್ ಇದೆ. ಮಹಾರಾಷ್ಟ್ರದಲ್ಲಿ ಇಲ್ಲ, ಆದರೆ ಅಲ್ಲಿ 1967ರ ಕಾಯ್ದೆಯಡಿ ಮಾನ್ಯತೆ ಪಡೆದ ಗ್ರಂಥಾಲಯಗಳಿಗೆ ದರ್ಜೆ ನೋಡಿ ಸರಕಾರ ಅನುದಾನ ಕೊಡುತ್ತೆ. ಹಾಗಾಗಿ ಗ್ರಂಥಾಲಯದಲ್ಲಿ ಕನ್ನಡ ಮಕ್ಕಳಿಗೊಂದು ಮೂಲೆ ಕೇಳೋದು ಭಿಕ್ಷೆ ಅಲ್ಲ, ನಾವು ಕಟ್ಟಿದ್ದನ್ನೇ ಕೇಳ್ತಿದ್ದೀವಿ.

ಕನ್ನಡ ಶಾಲೆ ಮುಚ್ಚೋ ಸುದ್ದಿ ಬಂದಾಗ ನಾವೆಲ್ಲ ಬೀದಿಗಿಳೀತೀವಿ. ಇಳೀಬೇಕು ಕೂಡ. ಆದರೆ ಒಂದನೇ ತರಗತಿಯ ಹಾಜರಿ ಕರಗೋದು ಅದಕ್ಕಿಂತ ಮೊದಲೇ, ಮೂರರಿಂದ ಆರು ವರ್ಷದ ನಡುವೆ. ಮನೇಲಿ ಕನ್ನಡ ಮಾತಾಡೋ ಮಗು ಅಂಗನವಾಡಿಯಲ್ಲಿ ಬೇರೆ ಲಿಪಿ ನೋಡುತ್ತೆ, ಅಂಗಡಿ ಬೋರ್ಡಿನಲ್ಲೂ ಅದನ್ನೇ ನೋಡುತ್ತೆ. ಆಮೇಲೆ ಅಪ್ಪ ಅಮ್ಮ, “ಇವನಿಗೆ ಕನ್ನಡ ಅಕ್ಷರವೇ ಗೊತ್ತಿಲ್ಲ, ಕನ್ನಡ ಶಾಲೆಗೆ ಯಾಕೆ?” ಅಂದರೆ ನಮ್ಮ ಬಳಿ ಉತ್ತರ ಇರಲ್ಲ. ಆ ವಯಸ್ಸಿನಲ್ಲಿ ಕೈಗೆ ಸಿಗಬೇಕಾದ್ದು ಚಿತ್ರಪುಸ್ತಕ, ಜೊತೆಗೆ ಕೂತು ಓದಿ ಹೇಳೋ ಒಬ್ಬರು.

ದುಡ್ಡಿನ ದಾರಿ ಇವೆ. ಕೊಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ 1972ರಿಂದ ದೇಶದ ಸಾರ್ವಜನಿಕ ಗ್ರಂಥಾಲಯಗಳಿಗೆ ನೆರವು ಕೊಡ್ತಾ ಬಂದಿದೆ, ಮಕ್ಕಳ ವಿಭಾಗಕ್ಕೂ ಅಲ್ಲಿ ಯೋಜನೆ ಇದೆ. ಕೇರಳದಲ್ಲಿ ಊರಿನ ವಾಚನಾಲಯ ಗ್ರಂಥಾಲಯ ಪರಿಷತ್ತಿಗೆ ಸಂಯೋಜಿತವಾದರೆ ವಾರ್ಷಿಕ ಗ್ರಾಂಟ್ ಬರುತ್ತೆ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಬರೀಬಹುದು. ಅದು ಬರೋವರೆಗೆ ಕಾಯಬೇಕಿಲ್ಲ: ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತವಾಗಿವೆ, ಪ್ರಿಂಟ್ ಹಾಕಿಸಿಕೊಳ್ಳೋಕೂ ಅನುಮತಿ ಇದೆ.

ಸಿಕ್ಕಿಕೊಳ್ಳೋದು ಕಾಗದದಲ್ಲಿ. ನಮ್ಮಲ್ಲಿ ಬ್ಯಾಂಕ್ ಕೌಂಟರಿನಲ್ಲಿ ಕೂರೋರಿದ್ದೀವಿ, ದಿನಾ ನೋಡ್ತೀವಿ. ಸಂಘಕ್ಕೆ ಮೂವತ್ತು ವರ್ಷ, ಆದರೆ ನೋಂದಣಿ ನವೀಕರಣ ಆಗಿಲ್ಲ. ದುಡ್ಡು ಅಧ್ಯಕ್ಷರ ಸ್ವಂತ ಖಾತೆಯಲ್ಲಿ. ಲೆಕ್ಕಪರಿಶೋಧನೆ ಅಂದ್ರೆ, “ನಮ್ಮ ಮೇಲೇ ಅನುಮಾನವಾ?” ಅಂತ ಮುನಿಸು. ಹಿಂದಿನ ಗ್ರಾಂಟಿನ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ಬರಲ್ಲ, ಇದರಲ್ಲಿ ಭಾಷಾ ದ್ವೇಷ ಏನೂ ಇಲ್ಲ.

ಇನ್ನೊಂದು ಮಾತು. ಬಹುತೇಕ ಅನುದಾನ ಪುಸ್ತಕಕ್ಕೆ, ಕಪಾಟಿಗೆ, ಕಟ್ಟಡಕ್ಕೆ. ಓದಿ ಹೇಳೋ ಮನುಷ್ಯರಿಗೆ ದುಡ್ಡು ಸಿಗೋದು ಕಷ್ಟ. ವಾರಕ್ಕೆ ಎರಡು ಗಂಟೆ ಬರೋ ನಿವೃತ್ತ ಟೀಚರಿಗೋ ಡಿಗ್ರಿ ಓದೋ ಹುಡುಗಿಗೋ ಗೌರವಧನ ನಾವೇ ಹೊಂದಿಸಬೇಕು. ನವೆಂಬರಿನ ಆರ್ಕೆಸ್ಟ್ರಾ ಒಂದು ವರ್ಷ ಬಿಟ್ಟರೆ ಅದು ಹುಟ್ಟುತ್ತೆ. ಬೈಯೋರು ಬೈಲಿ.

ಬಿಕಾಂ ಮಾಡಿದ ಗೆಳೆಯರು ಪ್ರತಿ ತಾಲೂಕಿನಲ್ಲೂ ಇದ್ದೀರಿ. ಮಾರ್ಚ್ 31ರೊಳಗೆ ನಿಮ್ಮೂರ ಸಂಘದ ಹೆಸರಲ್ಲಿ ಜಂಟಿ ಸಹಿಯ ಖಾತೆ, ಪ್ಯಾನ್, ಈ ವರ್ಷದ ಜಮಾ-ಖರ್ಚು, ಇಷ್ಟನ್ನು ಸರಿ ಮಾಡಿಕೊಡಿ. ಅರ್ಜಿ ಬರೆಯೋಕೆ ನಾವು ಜೊತೆ ಕೂರ್ತೀವಿ.