ನೋಟೀಸಿನಲ್ಲಿ ರೆಫರಿಯ ಹೆಸರೂ ಇರಲಿ

ಮಳೆ ಬಿಟ್ಟು, ಗದ್ದೆಯ ಕೊಯ್ಲು ಮುಗಿದು ನೆಲ ಒಣಗಿತೆಂದರೆ ಮಂಜೇಶ್ವರದಿಂದ ತ್ರಿಕ್ಕರಿಪುರದವರೆಗೆ ಸೆವೆನ್ಸ್ ಫುಟ್ಬಾಲಿನ ಕಾಲ. ಪಂದ್ಯಾಟದ ನೋಟೀಸು ಅಂಗಡಿ ಅಂಗಡಿಗೆ ಬರುತ್ತದೆ, ಒಂದು ಬದಿ ಮಲಯಾಳ, ಇನ್ನೊಂದು ಬದಿ ಕನ್ನಡ. ಉದ್ಘಾಟಕರು ಯಾರು, ಅಧ್ಯಕ್ಷತೆ ಯಾರದು, ಟ್ರೋಫಿ ಯಾರ ಸ್ಮರಣಾರ್ಥ, ಬಹುಮಾನ ಎಷ್ಟು ಸಾವಿರ, ಯಾವ ತಂಡಕ್ಕೆ ಯಾವ ಜವಳಿ ಅಂಗಡಿಯ ಪ್ರಾಯೋಜಕತ್ವ, ಎಲ್ಲವೂ ಅದರಲ್ಲಿ ಉಂಟು. ಆಟ ನಡೆಸಿಕೊಡುವ ಮನುಷ್ಯನ ಹೆಸರು ಮಾತ್ರ ಎರಡು ಬದಿ ತಿರುಗಿಸಿ ನೋಡಿದರೂ ಸಿಗುವುದಿಲ್ಲ.

ನಮ್ಮ ಕಡೆ ಇದು ಆಶ್ಚರ್ಯದ ಸಂಗತಿಯೇ. ಯಕ್ಷಗಾನದ ಕರಪತ್ರದಲ್ಲಿ ಭಾಗವತರಷ್ಟೇ ಅಲ್ಲ, ಚೆಂಡೆ, ಮದ್ದಳೆಯವರ ಹೆಸರೂ ಇರುತ್ತದೆ. ಹಿಮ್ಮೇಳ ಯಾರದೆಂದು ನೋಡಿಕೊಂಡೇ ಆಟಕ್ಕೆ ಹೊರಡುವವರು ನಾವು. ಫುಟ್ಬಾಲಿಗೆ ಬಂದಾಗ ಮಾತ್ರ ರೆಫರಿ ಎಂದರೆ ಎರಡು ದಿನ ಮುಂಚೆ ಫೋನು ಮಾಡಿ ಕರೆಸಿಕೊಳ್ಳುವ ಒಬ್ಬ ಪರಿಚಯದವ. ಲೈನಿನಲ್ಲಿ ಬಾವುಟ ಹಿಡಿಯಲು ಕ್ಲಬ್ಬಿನ ಇಬ್ಬರು ಹುಡುಗರು. ಸೆವೆನ್ಸ್‌ನಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ ಇಲ್ಲವಲ್ಲ, ಚೆಂಡು ಹೊರಗೆ ಹೋಯಿತೋ ಇಲ್ಲವೋ ಹೇಳಲು ಯಾರಾದರೇನು ಎಂಬ ಧೋರಣೆ.

ಯಾರಾದರೇನು ಎಂಬುದರ ಫಲವನ್ನು ಕೆಲವು ವರ್ಷಗಳ ಹಿಂದೆ ಒಂದು ಸೆಮಿಫೈನಲಿನಲ್ಲಿ ಕಣ್ಣಾರೆ ಕಂಡೆ. ಊರಿನ ಹೆಸರು ಬೇಡ. ಮುಗಿಯಲು ಮೂರು ನಿಮಿಷ ಇರುವಾಗ ಪೆನಾಲ್ಟಿ ಕೊಟ್ಟರು. ಗ್ಯಾಲರಿಯಿಂದ ಜನ ಇಳಿದೇ ಬಿಟ್ಟರು. ಚೆಂಡು ಕೈಗೆ ತಾಗಿತೋ ಇಲ್ಲವೋ ಎಂದು ಒಬ್ಬನಾದರೂ ಕೇಳಬೇಕಲ್ಲ? ಇಲ್ಲ. ‘ಇವ ಯಾರ ಜನ?’ ಎಂಬುದೇ ಪ್ರಶ್ನೆ. ಕಾರ್ಯದರ್ಶಿಯ ಭಾವನಂತೆ ಎಂದ ಒಬ್ಬ. ಆ ಕಡೆಯವರ ಹತ್ತಿರ ಮಲಯಾಳದಲ್ಲಿ ಮಾತಾಡಿದ್ದನ್ನು ನಾನೇ ಕೇಳಿದ್ದೇನೆ ಎಂದ ಇನ್ನೊಬ್ಬ. ಮಲಯಾಳದಲ್ಲಿ ಕೇಳಿದವರಿಗೆ ಮಲಯಾಳದಲ್ಲಿ, ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ ಉತ್ತರ ಕೊಟ್ಟಿದ್ದ ಪಾಪದ ಮನುಷ್ಯ. ನಾವೆಲ್ಲ ಅಂಗಡಿಯಲ್ಲಿ ದಿನಾ ಮಾಡುವುದೂ ಅದನ್ನೇ ಅಲ್ಲವೋ? ಅಲ್ಲಿ ಅದು ಅಪರಾಧವಾಯಿತು. ಯಾರದೋ ಸ್ಕೂಟರಿನ ಹಿಂದೆ ಕೂತು, ಸಂಬಳವನ್ನೂ ತೆಗೆದುಕೊಳ್ಳದೆ ಹೋದರು. ಮರುದಿನ ಚಹಾದಂಗಡಿಯಲ್ಲಿ ಬೈಯಲಿಕ್ಕೂ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ‘ಆ ಕರಿ ಬನಿಯನಿನವ’ ಅಷ್ಟೇ.

ದೊಡ್ಡ ಆಟದಲ್ಲೂ ಗಲಾಟೆ ಆಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ಐಎಸ್‌ಎಲ್ ಪಂದ್ಯ. ಆ ರಾತ್ರಿ ಕಾಸರಗೋಡಿನಲ್ಲಿ ಒಂದೇ ಟಿ.ವಿ.ಯ ಮುಂದೆ ಕೂತವರು ಎರಡು ಪಕ್ಷವಾದದ್ದು ನಿಮಗೂ ನೆನಪಿರಬಹುದು. ಹೆಚ್ಚುವರಿ ಸಮಯದಲ್ಲಿ ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟುವ ಮೊದಲೇ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದರು, ಚೆಂಡು ಒಳಗೆ ಹೋಯಿತು, ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದರು. ವಿಸಿಲಿಗೆ ಕಾಯಿರಿ ಎಂದು ರೆಫರಿ ಹೇಳದಿದ್ದರೆ ಕಾಯದೆ ಹೊಡೆಯಬಹುದೆಂದು ನಿಯಮ ಹೇಳುತ್ತದೆ. ಹೇಳಿದ್ದರೋ ಇಲ್ಲವೋ ಎಂಬ ಚರ್ಚೆ ನಮ್ಮ ಕಡೆ ಇನ್ನೂ ಮುಗಿದಿಲ್ಲ, ಮುಗಿಯಲಿಕ್ಕೂ ಇಲ್ಲ. ಆದರೆ ಆಕ್ಷೇಪವನ್ನು ಲಿಖಿತದಲ್ಲಿ ಕೊಡಲು ಒಂದು ಜಾಗ ಇತ್ತು. ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ಅದನ್ನು ತಳ್ಳಿಹಾಕಿತು, ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ತೀರ್ಪು ಕೊಟ್ಟವರ ಹೆಸರು ಊರಿಗೆಲ್ಲ ಗೊತ್ತಿತ್ತು. ಅವರು ಯಾರದೋ ಸ್ಕೂಟರಿನ ಹಿಂದೆ ಕೂತು ಹೋಗಬೇಕಾಗಲಿಲ್ಲ.

ನಮ್ಮ ಗದ್ದೆಯ ಆಟಕ್ಕೆ ಫೆಡರೇಶನ್ನಿನ ಮಾನ್ಯತೆಯೇ ಇಲ್ಲ. ಹಾಗಾಗಿ ಮೇಲಿನಿಂದ ಯಾರೋ ರೆಫರಿಯನ್ನು ಕಳಿಸುತ್ತಾರೆ ಎಂದು ಕಾದು ಕೂರುವ ಹಾಗಿಲ್ಲ, ವ್ಯವಸ್ಥೆಯನ್ನು ನಾವೇ ಮಾಡಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಫುಟ್ಬಾಲ್ ಹುಟ್ಟಿದ ಕಾಲದಲ್ಲಿ ಅವರದೂ ನಮ್ಮದೇ ಕಥೆ. ಒಂದೊಂದು ತಂಡ ತನ್ನದೇ ಒಬ್ಬೊಬ್ಬ ಅಂಪೈರನ್ನು ತರುತ್ತಿತ್ತು, ಇಬ್ಬರ ಮಾತು ಕೂಡದಿದ್ದರೆ ಮೈದಾನದ ಹೊರಗಿದ್ದ ರೆಫರಿಯನ್ನು ಕೇಳುತ್ತಿದ್ದರು. 1891ರಲ್ಲಿ ರೆಫರಿಯನ್ನು ಮೈದಾನದ ಒಳಗೆ ತಂದು ಪೂರ್ತಿ ಅಧಿಕಾರ ಕೊಟ್ಟರು, ಆ ಅಂಪೈರುಗಳು ಗೆರೆಯ ಮೇಲಿನ ಲೈನ್ಸ್‌ಮನ್ ಆದರು. ಈಗ ಅಲ್ಲಿ ಕೆಳ ದರ್ಜೆಯ ಲೀಗುಗಳಲ್ಲೂ ರೆಫರಿ ಯಾರು, ಇಬ್ಬರು ಸಹಾಯಕರು ಯಾರು, ನಾಲ್ಕನೆಯ ಅಧಿಕಾರಿ ಯಾರು ಎಂದು ಪಂದ್ಯಕ್ಕೆ ಕೆಲವು ದಿನ ಮುಂಚೆಯೇ ಪ್ರಕಟವಾಗುತ್ತದೆ.

ಮುಂಚೆಯೇ ಹೆಸರು ಹಾಕಿದರೆ ಮನೆಗೆ ಹೋಗಿ ಕೈಬಿಸಿ ಮಾಡುವವರಿದ್ದಾರೆ ಎಂದು ಸಂಘಟಕರೊಬ್ಬರು ನನ್ನ ಹತ್ತಿರ ವಾದ ಮಾಡಿದರು. ಮಾರಾಯ್ರೇ, ಕೈಬಿಸಿ ಮಾಡುವವನಿಗೆ ನೋಟೀಸು ಬೇಕೇ? ಅವನಿಗೆ ಹೇಗೂ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಟಿಕೇಟು ಕೊಟ್ಟು ಬಂದು ಕೂತವರಿಗೆ. ಅಡಿಕೆ ಮಾರಲು ಹೋದಾಗ ಗೋಣಿ ಇಡುವ ಮೊದಲೇ ತಕ್ಕಡಿ ಸೊನ್ನೆಯಲ್ಲಿದೆಯೋ ಎಂದು ನೋಡುತ್ತೇವೆ. ತೂಗಿ, ಚೀಟಿ ಬರೆದು, ದುಡ್ಡು ಎಣಿಸಿದ ಮೇಲೆ ತಕ್ಕಡಿ ಸರಿ ಇಲ್ಲ ಎಂದರೆ ಕೇಳುವವರುಂಟೇ? ಹೆಸರು ವಾರ ಮುಂಚೆ ಗೊತ್ತಾದರೆ ಕಾರ್ಯದರ್ಶಿಯ ಭಾವ ಬೇಡ ಎಂದು ಎದುರಿನ ತಂಡ ಆಗಲೇ ಹೇಳಬಹುದು. ಬೇರೆಯವರನ್ನು ಕರೆಸಲು ಸಮಯವೂ ಇರುತ್ತದೆ. ಆಗ ಸುಮ್ಮನಿದ್ದವ ಪೆನಾಲ್ಟಿಯ ಹೊತ್ತಿಗೆ ‘ಇವ ಯಾರ ಜನ’ ಎಂದು ಕೇಳಿದರೆ ಪಕ್ಕದವನೇ ಅವನನ್ನು ಕೂರಿಸುತ್ತಾನೆ.

ಇನ್ನೊಂದು ಮಾತು. ಆಟಗಾರರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. 2016ರ ಐಎಸ್‌ಎಲ್ ಫೈನಲಿನಲ್ಲಿ ಬ್ಲಾಸ್ಟರ್ಸ್ ಪರವಾಗಿ ಗೋಲು ಹೊಡೆದ ಮೊಹಮ್ಮದ್ ರಾಫಿ ತ್ರಿಕ್ಕರಿಪುರದವರು. ರೆಫರಿ ಆಗುತ್ತೇನೆ ಎನ್ನುವ ಹುಡುಗ ಮಾತ್ರ ಸಿಗುವುದಿಲ್ಲ. ಆ ಸ್ಕೂಟರಿನ ದೃಶ್ಯ ನೋಡಿದವ ಯಾಕೆ ಮುಂದೆ ಬಂದಾನು? ತಮಿಳುನಾಡಿನ ಕೆ. ಶಂಕರ್ 2002ರ ವಿಶ್ವಕಪ್ಪಿನಲ್ಲಿ ಸಹಾಯಕ ರೆಫರಿಯಾಗಿ ಗೆರೆಯ ಮೇಲೆ ಓಡಿದರು. ಬಾವುಟ ಹಿಡಿಯುವುದೂ ಕಲಿತು ಮಾಡುವ ಕೆಲಸ ಎಂದು ಹೇಳಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಎರಡು ಭಾಷೆ ಮನೆಯಲ್ಲೇ ಕಲಿತ ನಮ್ಮ ಮಕ್ಕಳಿಗೆ ಇದರಲ್ಲಿ ಒಂದು ಅನುಕೂಲ ಹೆಚ್ಚೇ ಇದೆ. ಉಪ್ಪಳದ ತಂಡದವ ಏನು ಗೊಣಗಿದ, ಕಾಞಂಗಾಡಿನವ ಏನು ಬೈದ, ಎರಡೂ ಅವರಿಗೆ ತಿಳಿಯುತ್ತದೆ.

ಗದ್ದೆ ಕೊಡುವ ರೈತರು ನೀವು, ದೇಣಿಗೆ ಕೊಡುವ ವ್ಯಾಪಾರಿಗಳೂ ನೀವು. ಈ ಸಲ ಹುಡುಗರು ರಶೀದಿ ಪುಸ್ತಕ ಹಿಡಿದು ಬಂದಾಗ ಇಲ್ಲ ಎನ್ನಬೇಡಿ. ರೆಫರಿ ಯಾರು, ಲೈನಿನಲ್ಲಿ ಯಾರು, ಅವರ ಸಂಬಳ ಆಟಕ್ಕೆ ಮೊದಲೇ ಕೊಡುತ್ತೀರೋ ಎಂದು ಮೂರು ಪ್ರಶ್ನೆ ಕೇಳಿ. ಉತ್ತರ ಸಿಕ್ಕಿದರೆ ಅಲ್ಲೇ ರಶೀದಿ ಬರೆಸಿ. ಸಿಗದಿದ್ದರೆ, ಹೆಸರು ಅಚ್ಚಾದ ನೋಟೀಸು ತನ್ನಿ, ಆಮೇಲೆ ನೋಡುವ ಎನ್ನಿ.